ರೇಡಾರಿಗೆ ಕಾಣುವುದು ಚುಕ್ಕೆ ಮಾತ್ರ

‘ನನ್ನ ಗೇಡಾರ್ ಸುಳ್ಳು ಹೇಳಲ್ಲ ಕಣೋ, ಅವನು ಪಕ್ಕಾ’ ಎಂಬ ಮಾತು ಬೆಂಗಳೂರಿನ ಕಾಲೇಜು ಕ್ಯಾಂಟೀನುಗಳಲ್ಲಿ, ಐಟಿ ಕಂಪನಿಗಳ ಊಟದ ಮೇಜುಗಳಲ್ಲಿ ಈಗ ಸಲೀಸಾಗಿ ಓಡಾಡುತ್ತದೆ. ಒಬ್ಬರ ಮನಸ್ಸು ಗಂಡಿನತ್ತ ಹರಿಯುವುದೋ ಹೆಣ್ಣಿನತ್ತ ಹರಿಯುವುದೋ ಎಂಬುದನ್ನು ಅವರು ಬಾಯಿ ಬಿಡುವ ಮೊದಲೇ, ಬರೀ ನೋಟದಲ್ಲಿ ಹಿಡಿದುಬಿಡುವ ಆರನೆಯ ಇಂದ್ರಿಯಕ್ಕೆ ‘ಗೇಡಾರ್’ ಎಂದು ಹೆಸರು. ಕನ್ನಡದ ಪತ್ರಿಕೆಗಳು ಈ ಪದವನ್ನು ಬಳಸುವುದು ಅಪರೂಪ. ಆದರೆ ಅದರ ಹಿಂದಿರುವ ನಂಬಿಕೆ ನಮಗೇನೂ ಹೊಸದಲ್ಲ. ‘ಅಯ್ಯೋ, ನೋಡಿದ್ರೆ ಗೊತ್ತಾಗಲ್ವೇನ್ರೀ?’ ಎಂದು ನಾವು ಮೊದಲಿಂದಲೂ ಹೇಳಿಕೊಂಡೇ ಬಂದವರು.

‘ಗೇ’ ಮತ್ತು ‘ರೇಡಾರ್’ ಸೇರಿ ಈ ಪದವಾಯಿತು. ರೇಡಾರ್ ಎಂಬುದೇ ಒಂದು ಸಂಕ್ಷಿಪ್ತ ರೂಪ: ‘ರೇಡಿಯೊ ಡಿಟೆಕ್ಷನ್ ಆ್ಯಂಡ್ ರೇಂಜಿಂಗ್’ ಎಂಬ ಉದ್ದದ ಹೆಸರನ್ನು ಅಮೆರಿಕದ ನೌಕಾಪಡೆ 1940ರಲ್ಲಿ ಹೀಗೆ ಮೊಟಕು ಮಾಡಿತು. ಅದಾಗಿ ಸುಮಾರು ನಾಲ್ಕು ದಶಕ ಕಳೆದ ಮೇಲೆ, 1980ರ ದಶಕದಲ್ಲಿ, ಅಮೆರಿಕದ ಇಂಗ್ಲಿಷಿನಲ್ಲಿ ‘ಗೇಡಾರ್’ ಕಾಣಿಸಿಕೊಂಡಿತು. ಸಲಿಂಗಿಗಳು ತಮ್ಮತಮ್ಮಲ್ಲೇ ಆಡಿಕೊಂಡ ತಮಾಷೆಯ ಮಾತು ಅದು. ತಮಾಷೆಯ ಅಡಿಯಲ್ಲಿ ಭಯವೂ ಇತ್ತು. ತಪ್ಪು ಮನುಷ್ಯನ ಮುಂದೆ ಮನಸ್ಸು ಬಿಚ್ಚಿದರೆ ಕೆಲಸ ಹೋಗಬಹುದು, ಏಟು ಬೀಳಬಹುದು, ಜೈಲೂ ಆಗಬಹುದು ಎಂಬ ಕಾಲದಲ್ಲಿ ಕೇಳದೆಯೇ ತಿಳಿದುಕೊಳ್ಳುವ ಜಾಣತನ ಬದುಕಿಗೆ ಬೇಕಾದದ್ದಾಗಿತ್ತು. ಹಾವಿನ ಹೆಜ್ಜೆ ಹಾವೇ ಬಲ್ಲದು ಎನ್ನುತ್ತೇವಲ್ಲ, ಆ ಅರ್ಥ.

1999ರಲ್ಲಿ ದಕ್ಷಿಣ ಆಫ್ರಿಕಾ ಮೂಲದ ಇಬ್ಬರು ಸಂಗಾತಿಗಳು ಬ್ರಿಟನ್ನಿನಲ್ಲಿ ಸಲಿಂಗಿ ಗಂಡಸರ ಭೇಟಿಗೆಂದು ಒಂದು ಜಾಲತಾಣ ತೆರೆದು ಅದಕ್ಕೆ ಗೇಡಾರ್ ಎಂದೇ ಹೆಸರಿಟ್ಟರು. ಅಷ್ಟರಲ್ಲಿ ಪದ ಹೊರಗಿನವರ ಬಾಯಿಗೂ ಬಿದ್ದಾಗಿತ್ತು. ಬಾಯಿ ಬದಲಾದಾಗ ಗಾದೆಯೂ ಬದಲಾಯಿತು. ಹೊರಗಿನವರ ಗೇಡಾರಿಗೆ ಹೊಂದುವ ಗಾದೆ ಬೇರೆ: ಮುಖ ನೋಡಿ ಮಣೆ ಹಾಕು.

ಹಾಗಾದರೆ ಮುಖ ನೋಡಿದರೆ ಗೊತ್ತಾಗುತ್ತದೆಯೇ? ಇದನ್ನು ಮನಶ್ಶಾಸ್ತ್ರಜ್ಞರು ಗಂಭೀರವಾಗಿಯೇ ಪರೀಕ್ಷಿಸಿದ್ದಾರೆ. ಅವರಲ್ಲಿ ಮುಂಚೂಣಿಯಲ್ಲಿದ್ದವರು ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದ ನಳಿನಿ ಅಂಬಾಡಿ. ಅಪರಿಚಿತರ ನಡೆನುಡಿಯ ಒಂದು ಚೂರು ಕಂಡರೂ ಮನುಷ್ಯ ಎಷ್ಟೆಲ್ಲ ಅಂದಾಜು ಮಾಡಬಲ್ಲ ಎಂಬುದು ಅವರ ಬದುಕಿನ ಅಧ್ಯಯನ. 1999ರಲ್ಲಿ ಅವರು ಇದೇ ಬಗೆಯಲ್ಲಿ ಲೈಂಗಿಕ ಒಲವಿನ ಊಹೆಯನ್ನೂ ಪರೀಕ್ಷೆಗೆ ಒಡ್ಡಿದರು. 2008ರಲ್ಲಿ ನಿಕೋಲಸ್ ರೂಲ್ ಜೊತೆಗೂಡಿ ಗಂಡಸರ ಮುಖಚಿತ್ರಗಳನ್ನು ಬರೀ 50 ಮಿಲಿಸೆಕೆಂಡು, ಅಂದರೆ ಕಣ್ಣು ರೆಪ್ಪೆ ಬಡಿಯುವುದಕ್ಕಿಂತಲೂ ಕಡಿಮೆ ಹೊತ್ತು, ತೋರಿಸಿ ಇವರು ಸಲಿಂಗಿಗಳೇ ಅಲ್ಲವೇ ಎಂದು ಕೇಳಿದರು. ಕಣ್ಣುಮುಚ್ಚಿ ನಾಣ್ಯ ಚಿಮ್ಮಿದ್ದಕ್ಕಿಂತ ಉತ್ತರಗಳು ಸ್ವಲ್ಪ ಮೇಲಿದ್ದವು. ಇಂಥ ಪರೀಕ್ಷೆಗಳಲ್ಲಿ ನೂರಕ್ಕೆ ಐವತ್ತು ಬರೀ ಅದೃಷ್ಟ. ಜನ ಗಳಿಸುವುದು ಹೆಚ್ಚೂಕಡಿಮೆ ಅರವತ್ತು.

ಈ ಅರವತ್ತರ ಮೇಲೂ ತಕರಾರಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಲಿಯಂ ಕಾಕ್ಸ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದ್ದು ಸೊಗಸಾಗಿದೆ. ಜಾಲತಾಣಗಳಲ್ಲಿ ಸಲಿಂಗಿಗಳು ಹಾಕಿಕೊಂಡಿದ್ದ ಫೋಟೊಗಳು ಉಳಿದವರ ಫೋಟೊಗಳಿಗಿಂತ ಅಚ್ಚುಕಟ್ಟಾಗಿದ್ದವು. ಫೋಟೊಗಳ ಗುಣಮಟ್ಟವನ್ನು ಸರಿಸಮ ಮಾಡಿದ ಕೂಡಲೇ ನೋಡುಗರ ಆರನೆಯ ಇಂದ್ರಿಯ ಕೈಕೊಟ್ಟಿತು. ಇನ್ನೊಂದು ಪ್ರಯೋಗದಲ್ಲಿ ‘ಗೇಡಾರ್ ನಿಜ’ ಎಂದು ಮೊದಲೇ ಹೇಳಿಸಿಕೊಂಡವರು ಸಿದ್ಧ ಅಚ್ಚಿನ ಕಲ್ಪನೆಗಳನ್ನು ಹೆಚ್ಚು ಬಳಸಿದರು; ‘ಅದು ಪೂರ್ವಗ್ರಹದ ಇನ್ನೊಂದು ಹೆಸರು’ ಎಂದು ಹೇಳಿಸಿಕೊಂಡವರು ಕಡಿಮೆ ಬಳಸಿದರು. ಪದವೇ ಪರವಾನಗಿಯಂತೆ ಕೆಲಸ ಮಾಡಿತ್ತು. ‘ಅವನ ನಡಿಗೆ ನೋಡಿ ಹಾಗಂದುಕೊಂಡೆ’ ಎಂದು ಹೇಳಲು ಯಾರಿಗಾದರೂ ಮುಜುಗರವಾದೀತು. ‘ನನ್ನ ಗೇಡಾರ್ ಹೇಳಿತು’ ಎನ್ನಲು ಆ ಮುಜುಗರವಿಲ್ಲ.

ಯಂತ್ರಕ್ಕೆ ಬಿಟ್ಟರೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಾಂಗ್ ಮತ್ತು ಕೊಸಿನ್ಸ್ಕಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ದೊಡ್ಡ ಗದ್ದಲ ಎಬ್ಬಿಸಿತು. ಒಬ್ಬ ಸಲಿಂಗಿ, ಇನ್ನೊಬ್ಬ ಅಲ್ಲದವ, ಹೀಗೆ ಒಂದು ಜೋಡಿ ಫೋಟೊ ಕೊಟ್ಟರೆ ಅವರ ಕಂಪ್ಯೂಟರ್ ನೂರಕ್ಕೆ 81 ಸಲ ಸರಿಯಾಗಿ ಹೇಳುತ್ತಿತ್ತು. ಹೆಂಗಸರ ವಿಷಯದಲ್ಲಿ 74. ಮನುಷ್ಯರು ಗಳಿಸಿದ್ದು 61 ಮತ್ತು 54. ಯಂತ್ರ ನೋಡಿದ್ದು ಮುಖವನ್ನೋ, ಕನ್ನಡಕ, ಗಡ್ಡ, ಮೇಕಪ್ಪು, ಸೆಲ್ಫಿ ತೆಗೆದ ಕೋನ ಇಂಥವನ್ನೋ ಎಂಬ ಪ್ರಶ್ನೆ ಬೆನ್ನಲ್ಲೇ ಬಂತು.

ಅಂಕಿಗಳನ್ನು ಒಪ್ಪಿಕೊಂಡರೂ ಲೆಕ್ಕ ಹಾಕಿ ನೋಡಬೇಕು. ನೂರು ಜನ ಸೇರಿದ ಮದುವೆ ಮಂಟಪ. ಅದರಲ್ಲಿ ಐವರು ಸಲಿಂಗಿಗಳು ಎಂದಿಟ್ಟುಕೊಳ್ಳಿ. ನೂರಕ್ಕೆ ಎಂಬತ್ತರಷ್ಟು ನಿಖರವಾದ ಗೇಡಾರ್ ಹೊತ್ತ ಒಬ್ಬ ಮಹಾಶಯ ಒಳಗೆ ಬರುತ್ತಾನೆ. ಐವರಲ್ಲಿ ನಾಲ್ವರನ್ನು ಹಿಡಿಯುತ್ತಾನೆ, ಭಲೇ. ಉಳಿದ ತೊಂಬತ್ತೈದು ಜನರಲ್ಲಿ ನೂರಕ್ಕೆ ಇಪ್ಪತ್ತರಂತೆ ಹತ್ತೊಂಬತ್ತು ಜನರನ್ನೂ ಹಿಡಿಯುತ್ತಾನೆ. ಒಟ್ಟು ಇಪ್ಪತ್ಮೂರು ಜನರತ್ತ ಬೆರಳು ತೋರಿಸಿದರೆ ಹತ್ತೊಂಬತ್ತು ತಪ್ಪು. ಗೇಡಾರಿನ ನಿಖರತೆ ಅರವತ್ತಕ್ಕೆ ಇಳಿದರೆ ಮೂವರು ಸರಿ, ಮೂವತ್ತೆಂಟು ತಪ್ಪು. ಆದರೂ ಆ ಮಹಾಶಯನ ಆತ್ಮವಿಶ್ವಾಸ ಕುಗ್ಗುವುದಿಲ್ಲ, ಏಕೆಂದರೆ ತಪ್ಪಿದ್ದನ್ನು ಯಾರೂ ಬಂದು ಅವನಿಗೆ ಹೇಳುವುದಿಲ್ಲ.

ಊಟದ ಮೇಜಿನ ಮೇಲೆ ಇದು ಹರಟೆ. ಸರ್ಕಾರದ ಕೈಯಲ್ಲಿ ಇದರ ರೂಪವೇ ಬೇರೆ. ಶೀತಲ ಸಮರದ ದಿನಗಳಲ್ಲಿ ಕೆನಡಾ ಸರ್ಕಾರ ತನ್ನ ನೌಕರರಲ್ಲಿ ಸಲಿಂಗಿಗಳನ್ನು ಪತ್ತೆ ಹಚ್ಚಿ ಹೊರಹಾಕಲು ಹೊರಟಿತು. ಅದಕ್ಕಾಗಿ ಫ್ರಾಂಕ್ ವೇಕ್ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರು ಒಂದು ಉಪಕರಣದ ಯೋಜನೆ ಮಾಡಿಕೊಟ್ಟರು. ಕುರ್ಚಿಯಲ್ಲಿ ಕೂರಿಸಿ, ಚಿತ್ರಗಳನ್ನು ತೋರಿಸಿ, ಕಣ್ಣಪಾಪೆ ಹಿಗ್ಗುವುದನ್ನು ಅಳೆಯುವುದು. ಪೊಲೀಸರೇ ಅದನ್ನು ಗೇಲಿಯಾಗಿ ‘ಫ್ರೂಟ್ ಮೆಷೀನ್’ ಎಂದು ಕರೆದರು. ಚಿತ್ರದ ಬೆಳಕು ಹೆಚ್ಚುಕಡಿಮೆಯಾದರೂ ಪಾಪೆ ಹಿಗ್ಗುತ್ತದೆ, ಕುಗ್ಗುತ್ತದೆ. ಯಂತ್ರ ಕೊನೆಗೂ ಕೆಲಸ ಮಾಡಲಿಲ್ಲ. 1967ರಲ್ಲಿ ಯೋಜನೆ ಕೈಬಿಟ್ಟರು. ಯಂತ್ರ ಸೋತರೂ ಬೇಟೆ ನಿಲ್ಲಲಿಲ್ಲ, ಗುಮಾನಿಯ ಮೇಲೆಯೇ ಕೆಲಸ ಕಳೆದುಕೊಂಡವರು ಬಹಳ. 2017ರ ನವೆಂಬರ್ 28ರಂದು ಪ್ರಧಾನಿ ಜಸ್ಟಿನ್ ಟ್ರುಡೋ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ನಮ್ಮಲ್ಲಿ ಯಂತ್ರದ ಅಗತ್ಯವೇ ಬೀಳಲಿಲ್ಲ. 1884ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಬಂದ ಖೈರಾತಿ ಎಂಬ ವ್ಯಕ್ತಿಯ ಪ್ರಕರಣವನ್ನೇ ನೋಡಿ. ಹೆಂಗಸರ ಉಡುಪಿನಲ್ಲಿ ಹಾಡುತ್ತಿದ್ದುದು, ಜೊತೆಗೆ ವೈದ್ಯರು ಮೈಮೇಲೆ ಕಂಡೆವೆಂದ ‘ಗುರುತು’ಗಳು, ಇಷ್ಟೇ ಕೆಳಗಿನ ನ್ಯಾಯಾಲಯಕ್ಕೆ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡಸಂಹಿತೆಯ 377ನೇ ಕಲಮಿನಡಿ ಶಿಕ್ಷೆ ಕೊಡಲು ಸಾಕಾಯಿತು. ಯಾವಾಗ, ಎಲ್ಲಿ, ಯಾರೊಂದಿಗೆ ಎಂಬುದೇ ಇಲ್ಲದ ಅಪರಾಧಕ್ಕೆ ಶಿಕ್ಷೆ ಹೇಗೆ ಎಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. ನೂರು ವರ್ಷ ದಾಟಿದರೂ ಆ ನೋಟ ಬದಲಾಗಲಿಲ್ಲ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಹೊರತಂದ ವರದಿಯಲ್ಲಿ ಬೆಂಗಳೂರಿನ ಪಾರ್ಕುಗಳಲ್ಲಿ ಪೊಲೀಸರು ಸಲಿಂಗಿಗಳನ್ನು ‘ಗುರುತಿಸಿ’ ಹಿಡಿದು, ಬೆದರಿಸಿ, ಹಣ ಕೀಳುತ್ತಿದ್ದುದರ ವಿವರಗಳಿವೆ.

ಅವರು ಗುರುತಿಸುತ್ತಿದ್ದುದಾದರೂ ಏನನ್ನು? ನಡಿಗೆ, ದನಿ, ಕೈ ಆಡಿಸುವ ರೀತಿ. ಕನ್ನಡದಲ್ಲಿ ಗೇಡಾರಿಗೆ ಸಮನಾದ ಪದವಿಲ್ಲ, ಆದರೆ ಅದು ಕೊಡುವ ತೀರ್ಪುಗಳಿಗೆ ಪದಗಳಿವೆ: ಹೆಣ್ಣಿಗ, ಗಂಡುಬೀರಿ. ಎರಡೂ ಹಾವಭಾವದ ಮೇಲೆ ಹೊರಿಸಿದ ಬೈಗುಳಗಳು. ಆ ವ್ಯಕ್ತಿಗೆ ಯಾರ ಮೇಲೆ ಪ್ರೀತಿ ಎಂಬುದರ ಸುದ್ದಿಯೇ ಅವುಗಳಲ್ಲಿಲ್ಲ. ಮೆಲುದನಿಯ ಗಂಡಸು ಹೆಂಡತಿ ಮಕ್ಕಳೊಂದಿಗೆ ಸುಖವಾಗಿರಬಹುದು. ಮೀಸೆ ತಿರುವುವ ಪೈಲ್ವಾನನ ಮನಸ್ಸು ಇನ್ನೊಬ್ಬ ಪೈಲ್ವಾನನಲ್ಲಿರಬಹುದು. ವರ್ಷಗಟ್ಟಲೆ ಒಂದೇ ಮನೆಯಲ್ಲಿ ಬಾಳುವ ಇಬ್ಬರು ಹೆಂಗಸರನ್ನು ಬೀದಿಯವರೆಲ್ಲ ‘ಪಾಪ, ಗೆಳತಿಯರು’ ಎನ್ನುತ್ತಾರೆ. ಅಲ್ಲಿ ಯಾರ ಗೇಡಾರೂ ಸದ್ದು ಮಾಡುವುದಿಲ್ಲ.

ಹಾಗಿದ್ದರೆ ಹಾವಿನ ಹೆಜ್ಜೆ ಹಾವು ಬಲ್ಲದೆಂಬುದೂ ಸುಳ್ಳೇ? ಸುಳ್ಳೆನ್ನಲಾರೆ. ಸಲಿಂಗಿಗಳು ಪರಸ್ಪರ ಗುರುತು ಹಿಡಿದದ್ದು ನಿಜ, ಆದರೆ ಪದಕ್ಕೆ ಅಂಟಿದ ಯಂತ್ರ ತಪ್ಪು. ರೇಡಾರ್ ಅಲೆಗಳನ್ನು ಕಳಿಸಿ, ತಗುಲಿ ಮರಳಿದ್ದನ್ನು ಹಿಡಿಯುತ್ತದೆ. ಎದುರಿನವರ ಒಪ್ಪಿಗೆ ಅದಕ್ಕೆ ಬೇಕಿಲ್ಲ. ಅದರ ಪರದೆಯ ಮೇಲೆ ಮೂಡುವುದು ಒಂದು ಚುಕ್ಕೆ; ವಿಮಾನ ನಮ್ಮದೋ ಶತ್ರುವಿನದೋ ಎಂದು ಚುಕ್ಕೆ ಹೇಳುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರಿಗೆ ಇದೇ ತಲೆನೋವಾಗಿ, ವಿಮಾನದೊಳಗೆ ಬೇರೊಂದು ಪೆಟ್ಟಿಗೆ ಕೂರಿಸಿದರು. ನೆಲದಿಂದ ಪ್ರಶ್ನೆಯ ಅಲೆ ಹೋದಾಗ ಆ ಪೆಟ್ಟಿಗೆ ಗೊತ್ತಾದ ಸಂಕೇತದಲ್ಲಿ ಉತ್ತರ ಕೊಡುತ್ತದೆ. ಇಂದಿನ ನಾಗರಿಕ ವಿಮಾನಗಳ ಟ್ರಾನ್ಸ್‌ಪಾಂಡರ್ ಅದರದೇ ಸಂತತಿ. ಗುರುತು ಸಿಗುವುದು ನೋಡುವವನ ಕಣ್ಣು ಚುರುಕಾಗಿದ್ದಕ್ಕಲ್ಲ, ಆ ಕಡೆಯವರು ಉತ್ತರಿಸಿದ್ದಕ್ಕೆ.

ಸಲಿಂಗಿಗಳ ಗೇಡಾರೂ ಈ ಪೆಟ್ಟಿಗೆಯ ಜಾತಿಯದು. ಅಮೆರಿಕದಲ್ಲಿ ‘ನೀವು ಡೊರೊತಿಯ ಸ್ನೇಹಿತರೇ?’ ಎಂದು ಕೇಳುವ ಗುಟ್ಟಿನ ವಾಡಿಕೆಯಿತ್ತು. ‘ವಿಝರ್ಡ್ ಆಫ್ ಓಝ್’ ಚಿತ್ರದ ಡೊರೊತಿ ಅವಳು ಎಂಬುದು ಪ್ರತೀತಿ. ಬಲ್ಲವನು ನಗುತ್ತಾನೆ, ಅರಿಯದವನು ‘ಯಾವ ಡೊರೊತಿ?’ ಎನ್ನುತ್ತಾನೆ, ಇಬ್ಬರಿಗೂ ಅಪಾಯವಿಲ್ಲ. ಪತ್ರಕರ್ತ ರ‍್ಯಾಂಡಿ ಶಿಲ್ಟ್ಸ್ ತಮ್ಮ 1993ರ ಪುಸ್ತಕದಲ್ಲಿ ಹೇಳುವಂತೆ, 1980ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾಪಡೆಯ ತನಿಖಾಧಿಕಾರಿಗಳು ಈ ಮಾತನ್ನು ಕೇಳಿ, ಸಲಿಂಗಿ ಸೈನಿಕರನ್ನೆಲ್ಲ ಬಲ್ಲ ಡೊರೊತಿ ಎಂಬ ಹೆಂಗಸು ನಿಜವಾಗಿಯೂ ಇದ್ದಾಳೆಂದು ಚಿಕಾಗೊ ಸುತ್ತಮುತ್ತ ಹುಡುಕಾಡಿದರು. ರೇಡಾರಿಗೆ ಹೆಸರಿಟ್ಟ ನೌಕಾಪಡೆಗೇ ಆ ಸಂಕೇತ ದಕ್ಕಲಿಲ್ಲ.

ಬೆಂಗಳೂರಿನ ಸಲಿಂಗಿ ಸಮುದಾಯದಲ್ಲೂ ತಮ್ಮವರನ್ನು ಕರೆಯಲು ಕೋಥಿ, ಪಂಥಿ, ಡಬಲ್ ಡೆಕ್ಕರ್ ಎಂಬ ಒಳಮಾತುಗಳಿವೆ. ಪಕ್ಕದಲ್ಲಿ ನಿಂತವನ ಕಿವಿಗೆ ಮೊದಲನೆಯದು ಮಂಗನಂತೆ, ಕೊನೆಯದು ಹಳೆಯ ಬಿಟಿಎಸ್ ಬಸ್ಸಿನಂತೆ ಕೇಳಬಹುದು. ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ಒಂದು ಕ್ಷಣ ಹೆಚ್ಚು ನಿಂತ ನೋಟ, ಅದಕ್ಕೆ ಸಿಕ್ಕ ಮರುನೋಟ, ಒಂದು ಪದ, ಅದಕ್ಕೆ ಮರುಪದ: ಇಬ್ಬರೂ ಕೊಟ್ಟು ತೆಗೆದುಕೊಂಡರಷ್ಟೇ ಗುರುತು. ಬೇಡವೆನಿಸಿದರೆ ಪೆಟ್ಟಿಗೆ ಆರಿಸಿಡುವ ಸ್ವಾತಂತ್ರ್ಯ ಇಬ್ಬರಿಗೂ ಇದೆ.

ಈ ಸ್ವಾತಂತ್ರ್ಯಕ್ಕೆ ಕಾನೂನಿನ ಬಲ ಸಿಕ್ಕಿದ್ದರಲ್ಲಿ ನಮ್ಮವರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದರು. ಲೈಂಗಿಕ ಒಲವೂ ಅದರೊಳಗೇ ಸೇರಿದ್ದು ಎಂಬ ಮಾತು ಆ ತೀರ್ಪಿನಲ್ಲಿದೆ. ಮರುವರ್ಷ ಸೆಪ್ಟೆಂಬರ್ 6ರಂದು, ಪ್ರಾಯಕ್ಕೆ ಬಂದವರ ಒಪ್ಪಿತ ಸಂಬಂಧಕ್ಕೆ ಅದೇ ಕೋರ್ಟಿನ ತೀರ್ಪಿನಿಂದ 377ರ ಕಾಟ ತಪ್ಪಿತು. ಹೇಳುವ ಹಕ್ಕು, ಹೇಳದಿರುವ ಹಕ್ಕು ಎರಡೂ ಆ ವ್ಯಕ್ತಿಯದೇ.

ಆದ್ದರಿಂದ ಒಬ್ಬರ ಬಗ್ಗೆ ನಮಗೆ ಸುಮ್ಮನೆ ಏನೋ ಹೊಳೆದರೆ ಅದನ್ನು ಹೊಳಹಾಗಿಯೇ ಉಳಿಸಿಕೊಳ್ಳುವುದು ಲೇಸು. ಅದನ್ನು ಪಕ್ಕದವರ ಕಿವಿಗೆ ಹಾಕಿದ ಕ್ಷಣವೇ ನಾವು ಆ ಪಾರ್ಕಿನ ಪೊಲೀಸರ ಸಾಲಿಗೆ ಸೇರುತ್ತೇವೆ. ಹತ್ತು ಜನರ ಬಗ್ಗೆ ಊಹಿಸಿದವನಿಗಿಂತ, ಒಬ್ಬರು ನಂಬಿ ತಾವಾಗಿ ಬಂದು ಹೇಳಿಕೊಂಡವನಿಗೆ ಈ ವಿಷಯ ಹೆಚ್ಚು ಗೊತ್ತು.