ಸಣ್ಣ ಉದ್ಯಮಿಗೆ ಯೋಚಿಸಲು ಬಿಡುವೆಲ್ಲಿ?

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಅನೇಕ ಬೇಕರಿ, ಕಾಂಡಿಮೆಂಟ್ಸ್ ಹಾಗೂ ಚಹಾ ಅಂಗಡಿಗಳಲ್ಲಿ ಕ್ಯುಆರ್ ಕೋಡ್ ಫಲಕಗಳು ಮಾಯವಾಗಿ, ಅವುಗಳ ಜಾಗದಲ್ಲಿ ‘ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ನಾಲ್ಕು ವರ್ಷಗಳ ಯುಪಿಐ ಪಾವತಿಯ ಲೆಕ್ಕವನ್ನು ಮುಂದಿಟ್ಟುಕೊಂಡು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳುಹಿಸಿದ್ದೇ ಇದಕ್ಕೆ ಕಾರಣ. ಲಕ್ಷಾಂತರ ರೂಪಾಯಿಗಳ ಬೇಡಿಕೆ ಕಂಡು ವರ್ತಕರು ಕಂಗಾಲಾದರು, ಪ್ರತಿಭಟನೆಗೆ ಇಳಿದರು. ಮುಖ್ಯಮಂತ್ರಿಗಳೊಂದಿಗೆ ಸಭೆ ನಡೆದ ಬಳಿಕ ಹಳೆಯ ಬಾಕಿಯ ವಿಷಯದಲ್ಲಿ ಸರ್ಕಾರ ಮೆತ್ತಗಾಯಿತು.

ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಒದಗಿಸುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ನಲವತ್ತು ಲಕ್ಷವೆಂದರೆ ದೊಡ್ಡ ಮೊತ್ತವೆಂದು ತೋರುತ್ತದೆ. ಆದರೆ ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ ಹನ್ನೊಂದು ಸಾವಿರ ರೂಪಾಯಿಯೂ ಆಗುವುದಿಲ್ಲ. ಬಸ್ ನಿಲ್ದಾಣದ ಬಳಿಯ ಬೇಕರಿಗೆ ಅದೇನೂ ಅಪರೂಪದ ವ್ಯಾಪಾರವಲ್ಲ. ಹಾಲು, ತರಕಾರಿಯಂಥ ವಸ್ತುಗಳಿಗೆ ತೆರಿಗೆ ಇಲ್ಲದಿದ್ದರೂ, ತೆರಿಗೆ ಇರುವ ಸರಕನ್ನೂ ಜೊತೆಯಲ್ಲಿ ಮಾರುವ ಅಂಗಡಿಯಲ್ಲಿ ಅವುಗಳ ಮಾರಾಟವೂ ಒಟ್ಟು ವಹಿವಾಟಿನ ಲೆಕ್ಕಕ್ಕೆ ಸೇರುತ್ತದೆ. ಈ ಭಾಗಾಕಾರವನ್ನು ಮಾಡಲಾಗದಷ್ಟು ಲೆಕ್ಕ ತಿಳಿಯದ ವ್ಯಾಪಾರಿ ಯಾರೂ ಇಲ್ಲ. ಅದಕ್ಕೆಂದು ಕುಳಿತುಕೊಳ್ಳುವ ಅರ್ಧ ಗಂಟೆ ಮಾತ್ರ ಅನೇಕರಿಗೆ ನಾಲ್ಕು ವರ್ಷಗಳಲ್ಲಿ ಸಿಕ್ಕಿರಲಿಲ್ಲ. (ಇಲಾಖೆಯೂ ನಾಲ್ಕು ವರ್ಷ ಸುಮ್ಮನಿದ್ದು ಒಮ್ಮೆಲೇ ಎಚ್ಚೆತ್ತಿತು ಎಂಬ ವ್ಯಾಪಾರಿಗಳ ದೂರನ್ನು ತಳ್ಳಿಹಾಕುವಂತಿಲ್ಲ.)

ಸಣ್ಣ ಉದ್ಯಮಿ ಯೋಚಿಸುವುದಿಲ್ಲವೆಂದು ಹೇಳುವುದು ಅನ್ಯಾಯ. ಬೆಳಗ್ಗೆ ಶಟರ್ ಎತ್ತಿದಂದಿನಿಂದ ರಾತ್ರಿ ಬೀಗ ಹಾಕುವವರೆಗೆ ಅವನು ಯೋಚಿಸುತ್ತಲೇ ಇರುತ್ತಾನೆ. ಹಾಲಿನ ವ್ಯಾನು ಏಕೆ ಬರಲಿಲ್ಲ, ಹುಡುಗ ರಜೆ ಹಾಕಿದರೆ ಪಾತ್ರೆ ತೊಳೆಯುವವರಾರು, ಸಾಲದ ಕಂತಿಗೆ ಹಣ ಹೊಂದಿಸುವುದೆಂತು? ಎಲ್ಲವೂ ಇಂದಿನ, ಈ ಗಳಿಗೆಯ ಯೋಚನೆ. ಮೂರು ವರ್ಷಗಳ ಆಚೆಗಿನ ಪ್ರಶ್ನೆಗೆ ಸರದಿ ಬರುವುದೇ ಇಲ್ಲ. ಇದು ಸಣ್ಣವರ ಪಾಡು ಮಾತ್ರವೂ ಅಲ್ಲ. ಕೆನಡಾದ ಆಡಳಿತ ತಜ್ಞ ಹೆನ್ರಿ ಮಿಂಟ್ಸ್‌ಬರ್ಗ್ ಐವರು ಮುಖ್ಯ ಕಾರ್ಯನಿರ್ವಾಹಕರ ದಿನಚರಿಯನ್ನು ಹತ್ತಿರದಿಂದ ಗಮನಿಸಿ 1973ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷಕ್ಕಿಂತ ಕಡಿಮೆ ಅವಧಿಯವು. ಅವರು ಉಲ್ಲೇಖಿಸಿದ ಇನ್ನೊಂದು ಅಧ್ಯಯನದಲ್ಲಿ ಅಮೆರಿಕದ ಕಾರ್ಖಾನೆಗಳ 56 ಮೇಲ್ವಿಚಾರಕರು ಎಂಟು ಗಂಟೆಯ ಪಾಳಿಯಲ್ಲಿ ಸರಾಸರಿ 583 ಕೆಲಸಗಳಿಗೆ ಕೈಹಾಕುತ್ತಿದ್ದರು, ಅಂದರೆ ನಿಮಿಷಕ್ಕೊಂದಕ್ಕಿಂತಲೂ ಹೆಚ್ಚು. ನಮ್ಮ ದರ್ಶಿನಿಯ ಮಾಲೀಕ ಈ ಎರಡನೆಯ ಗುಂಪಿಗೆ ಹತ್ತಿರದವನು. ವ್ಯತ್ಯಾಸವಿಷ್ಟೇ: ಮೇಲ್ವಿಚಾರಕನ ತಲೆಯ ಮೇಲೆ ಮುಂದಿನ ದಾರಿಯನ್ನು ಯೋಚಿಸುವವರು ಬೇರೆ ಇದ್ದರು, ದರ್ಶಿನಿಯವನಿಗೆ ಇಲ್ಲ.

ಮಾವಳ್ಳಿಯಿಂದ ಯೂರೋಪಿಗೆ

ಅಂಗಡಿ ಬಿಟ್ಟು ಹೊರಗೆ ನಿಂತು ನೋಡುವುದರಿಂದ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲಿಯೇ ಹಳೆಯ ನಿದರ್ಶನವಿದೆ. ಉಡುಪಿ ಕಡೆಯಿಂದ ಬಂದ ಪಾರಂಪಳ್ಳಿ ಯಜ್ಞನಾರಾಯಣ ಮಯ್ಯರು ಸಹೋದರರೊಂದಿಗೆ 1924ರಲ್ಲಿ ಆರಂಭಿಸಿದ ಬ್ರಾಹ್ಮಣರ ಕಾಫಿ ಕ್ಲಬ್ ಆ ಕಾಲದ ಅನೇಕ ಹೋಟೆಲುಗಳಲ್ಲಿ ಒಂದಾಗಿತ್ತು. ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದಾಗಲೇ, 1951ರಲ್ಲಿ, ಮಯ್ಯರು ಅಲ್ಲಿನ ಉಪಾಹಾರ ಗೃಹಗಳು ಹೇಗೆ ನಡೆಯುತ್ತವೆಂದು ನೋಡಲು ಯೂರೋಪ್ ಪ್ರವಾಸ ಕೈಗೊಂಡರು. ಅಲ್ಲಿಂದ ಅವರು ತಂದದ್ದು ಹೊಸ ತಿಂಡಿಯನ್ನಲ್ಲ, ಶುಚಿತ್ವದ ಕಟ್ಟುಪಾಡನ್ನು. ಲೋಟ, ತಟ್ಟೆ, ಚಮಚಗಳನ್ನು ಬಿಸಿಯಲ್ಲಿ ಶುದ್ಧಗೊಳಿಸುವ ಪದ್ಧತಿ ಬಂದಿತು. ಗಿರಾಕಿಗಳು ಅಡುಗೆಮನೆಯನ್ನು ನೋಡಬಹುದೆಂಬುದು ಆ ಹೋಟೆಲಿನ ಹೆಗ್ಗಳಿಕೆಯಾಯಿತು. 1960ರಲ್ಲಿ ಅದು ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್, ಎಂಬ ಹೆಸರು ತಳೆಯಿತು.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಬಿಡುವು ಬೇರೊಂದು ರೂಪದಲ್ಲಿ ಎದುರಾಯಿತು. ಹೋಟೆಲ್ ತಿಂಡಿಗಳ ಬೆಲೆಯನ್ನು ಸರ್ಕಾರವೇ ಇಳಿಸಿ ನಿಗದಿಪಡಿಸಿದ್ದರಿಂದ, ಗುಣಮಟ್ಟ ತಗ್ಗಿಸದೆ ನಡೆಸುವುದು ನಷ್ಟದ ಬಾಬತ್ತಾಯಿತು. ಹೋಟೆಲ್ ಬಾಗಿಲು ಮುಚ್ಚಿತು. ಅದೇ ಹೊತ್ತಿನಲ್ಲಿ ರವೆ ಇಡ್ಲಿಯಂಥ ತಿಂಡಿಗಳ ಸಿದ್ಧ ಮಿಶ್ರಣವನ್ನು ಪೊಟ್ಟಣ ಕಟ್ಟಿ ಮಾರುವ ಯೋಚನೆ ಬಲಗೊಂಡಿತು. ಆ ಪೊಟ್ಟಣದ ಉದ್ಯಮ ಎಷ್ಟು ಬೆಳೆಯಿತೆಂದರೆ, 2007ರಲ್ಲಿ ನಾರ್ವೆಯ ಆರ್ಕ್ಲಾ ಸಂಸ್ಥೆ ಅದನ್ನು ಕೊಂಡುಕೊಂಡಿತು. ಹೋಟೆಲುಗಳು ಮಯ್ಯ ಕುಟುಂಬದಲ್ಲಿಯೇ ಉಳಿದವು. ಎರಡು ಸಂದರ್ಭಗಳಿಗೂ ಇರುವ ಅಂತರ ಗಮನಾರ್ಹ. ಮೊದಲನೆಯ ಸಲ ಮಾಲೀಕರೇ ಬಿಡುವು ಮಾಡಿಕೊಂಡರು, ಎರಡನೆಯ ಸಲ ಸಂಕಟ ಅದನ್ನು ಹೇರಿತು. ಬಹುಪಾಲು ಸಣ್ಣ ಉದ್ಯಮಗಳಿಗೆ ಸಿಗುವುದು ಎರಡನೆಯ ಬಗೆಯದು ಮಾತ್ರ, ಮತ್ತು ಎಲ್ಲರೂ ಅದರಿಂದ ಚೇತರಿಸಿಕೊಳ್ಳುವುದಿಲ್ಲ.

ಬೆಂಗಳೂರಿನ ಸಣ್ಣ ಕೈಗಾರಿಕೆಗಳ ಇತಿಹಾಸವೇ ಇದಕ್ಕೆ ಸಾಕ್ಷಿ. ಎಚ್‌ಎಂಟಿ, ಐಟಿಐಗಳಂಥ ಸರ್ಕಾರಿ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವುದನ್ನೇ ನೆಚ್ಚಿ ಅನೇಕ ಲೇತ್ ಘಟಕಗಳು ತಲೆಯೆತ್ತಿದ್ದವು. ಒಬ್ಬನೇ ಗಿರಾಕಿ, ಖಚಿತ ಆರ್ಡರು, ನೆಮ್ಮದಿಯ ದಿನಗಳು. 1991ರ ನಂತರದ ಉದಾರೀಕರಣದಲ್ಲಿ ಆ ದೊಡ್ಡ ಕಾರ್ಖಾನೆಗಳೇ ಸೊರಗತೊಡಗಿದವು, 2016ರಲ್ಲಿ ಎಚ್‌ಎಂಟಿ ಕೈಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಎರಡೂವರೆ ದಶಕದ ಆ ಇಳಿಜಾರು ರಾತ್ರೋರಾತ್ರಿ ಬಂದದ್ದಲ್ಲ. ‘ಈ ಗಿರಾಕಿ ಕೈಬಿಟ್ಟರೆ ನಮ್ಮ ಗತಿಯೇನು’ ಎಂದು ಮೊದಲೇ ಕೇಳಿಕೊಂಡು ಬೇರೆ ಗಿರಾಕಿಗಳನ್ನು ಹುಡುಕಿಕೊಂಡವರಿಗೆ ಕಾಲಾವಕಾಶವಿತ್ತು.

ಬಿಡುವು ಸಿಗುವ ಬಗೆ

ಕಾನೂನು ಒಂದು ದಿನವನ್ನು ಬಹಳ ಹಿಂದೆಯೇ ಕೊಟ್ಟಿತ್ತು. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ವಾರಕ್ಕೊಂದು ದಿನ ಬಾಗಿಲು ಮುಚ್ಚಬೇಕೆಂದು ವಿಧಿಸಿತ್ತು. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ವರ್ಷವಿಡೀ ಹಗಲಿರುಳು ತೆರೆದಿರಲು ಸರ್ಕಾರ 2021ರ ಜನವರಿಯಲ್ಲಿ ಅನುಮತಿ ನೀಡಿತು. ಅಲ್ಲಿಯೂ ನೌಕರನಿಗೆ ವಾರದ ರಜೆ ಉಂಟು, ಮಾಲೀಕನಿಗೆ ರಜೆ ಕೊಡುವವರಾರೂ ಇಲ್ಲ. ಬಾಗಿಲು ಮುಚ್ಚಿದ ದಿನವೂ ಮಂಡಿಗೆ ಹೋಗುವುದು, ಫ್ರಿಜ್ ರಿಪೇರಿ ಮಾಡಿಸುವುದು ಇತ್ಯಾದಿಗಳಲ್ಲಿ ಕಳೆದುಹೋಗುತ್ತದೆ.

ನಿಜವಾದ ತೊಡಕು ನಂಬಿಕೆಯದು. ಗಲ್ಲಾಪೆಟ್ಟಿಗೆಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ಏಳಲು ಮಾಲೀಕನಿಗೆ ಧೈರ್ಯ ಸಾಲದು, ಹಣ ಸೋರಿದ್ದಕ್ಕೆ ಲೆಕ್ಕವೇ ಸಿಗುತ್ತಿರಲಿಲ್ಲವಾದ್ದರಿಂದ ಆ ಅಂಜಿಕೆ ನಿರಾಧಾರವೂ ಆಗಿರಲಿಲ್ಲ. ಆದರೆ ವ್ಯಾಪಾರಿಗಳು 2025ರಲ್ಲಿ ಕಿತ್ತೆಸೆದ ಅದೇ ಕ್ಯುಆರ್ ಕೋಡ್ ಈ ಅಂಜಿಕೆಯನ್ನು ಬಹುಮಟ್ಟಿಗೆ ಕಡಿಮೆ ಮಾಡಬಲ್ಲುದು. ಪಾವತಿ ನೇರವಾಗಿ ಖಾತೆಗೆ ಬೀಳುತ್ತದೆ, ಮಾಲೀಕ ಎಲ್ಲಿದ್ದರೂ ಮೊಬೈಲಿನಲ್ಲಿ ಕಾಣುತ್ತದೆ. ಯಾವ ವಾರ ವ್ಯಾಪಾರ ಕುಗ್ಗಿತು, ಯಾವ ಹೊತ್ತಿನಲ್ಲಿ ಅಂಗಡಿ ಖಾಲಿ ಎಂಬುದೂ ಅದರಲ್ಲಿಯೇ ದಾಖಲಾಗಿರುತ್ತದೆ. ಇಲಾಖೆಗೆ ಕಂಡ ಅಂಕಿ ಅಂಗಡಿಯವನಿಗೂ ದಕ್ಕುವಂಥದೇ, ಅದನ್ನು ಮೊದಲು ತೆರೆದು ನೋಡಿದ್ದು ಮಾತ್ರ ಇಲಾಖೆ.

ಲೆಕ್ಕಪತ್ರದ ಹೊರೆಯನ್ನೂ ಒಂದಿಷ್ಟು ಇಳಿಸಿಕೊಳ್ಳಲು ಸಾಧ್ಯವಿದೆ. ಐದು ಕೋಟಿ ರೂಪಾಯಿವರೆಗಿನ ವಹಿವಾಟಿನವರು ಜಿಎಸ್‌ಟಿ ರಿಟರ್ನನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ವ್ಯವಸ್ಥೆ 2021ರ ಜನವರಿಯಿಂದ ಇದೆ, ತೆರಿಗೆಯನ್ನಷ್ಟೇ ತಿಂಗಳು ತಿಂಗಳು ಕಟ್ಟಬೇಕು. ಹೀಗೆ ಉಳಿದ ಸಂಜೆಗಳಲ್ಲಿ ಮೊದಲು ನೋಡಬೇಕಾದದ್ದು ಬರಬೇಕಾದ ಬಾಕಿಗಳ ಪಟ್ಟಿ. ಉದ್ಯಮ್ ನೋಂದಣಿ ಪಡೆದ ಕಿರು ಮತ್ತು ಸಣ್ಣ ತಯಾರಕರಿಗೆ, ಸೇವೆ ಒದಗಿಸುವವರಿಗೆ ಖರೀದಿದಾರರು ಗರಿಷ್ಠ 45 ದಿನಗಳಲ್ಲಿ ಹಣ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಲಿಖಿತ ಒಪ್ಪಂದವಿಲ್ಲದಿದ್ದರೆ ಗಡುವು 15 ದಿನ. ಆರು ತಿಂಗಳಿಂದ ಹಣ ಕೊಡದ ದೊಡ್ಡ ಗಿರಾಕಿಯನ್ನು ಉಳಿಸಿಕೊಳ್ಳಬೇಕೇ ಎಂಬುದು ಯಂತ್ರ ಓಡುತ್ತಿರುವಾಗ ಇತ್ಯರ್ಥವಾಗುವ ಪ್ರಶ್ನೆಯಲ್ಲ.

ಯಂತ್ರ ನಿಲ್ಲುವ ದಿನವೊಂದು ನಮ್ಮ ಪಂಚಾಂಗದಲ್ಲಿಯೇ ಇದೆ. ಆಯುಧಪೂಜೆಯಂದು ಪೀಣ್ಯದ ಚಿಕ್ಕ ಶೆಡ್ಡುಗಳಲ್ಲಿಯೂ ಲೇತ್‌ಗಳನ್ನು ಒರೆಸಿ, ಕುಂಕುಮವಿಟ್ಟು, ಕುಂಬಳಕಾಯಿ ಒಡೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕೆಲಸಗಾರರು ಸಿಹಿ ಪೊಟ್ಟಣ ಹಿಡಿದು ಮನೆಗೆ ಹೊರಡುತ್ತಾರೆ. ಶೆಡ್ಡಿನಲ್ಲಿ ಸದ್ದಿಲ್ಲದೆ, ಆರ್ಡರ್ ಪುಸ್ತಕ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಎರಡನ್ನೂ ಎದುರಿಗೆ ಹರಡಿಕೊಂಡು ಕೂರಲು ಅಂದು ಸಂಜೆಯವರೆಗೂ ಸಮಯವಿರುತ್ತದೆ.