ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ

ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಎಂದರೆ ಕಾರು, ಬಸ್ಸು, ಲಾರಿ ಮೊದಲಾದ ವಾಹನಗಳ ಎಂಜಿನ್, ಶಕ್ತಿ ಪ್ರಸರಣ ವ್ಯವಸ್ಥೆ, ಬ್ರೇಕ್, ಸ್ಟೀರಿಂಗ್ ಹಾಗೂ ವಿದ್ಯುತ್ ಭಾಗಗಳನ್ನು ಪರೀಕ್ಷಿಸಿ ದುರಸ್ತಿ ಮಾಡುವ ಕುಶಲಕರ್ಮಿಗಳನ್ನು ಸಿದ್ಧಗೊಳಿಸುವ ವೃತ್ತಿ ಶಿಕ್ಷಣ. ಭಾರತದಲ್ಲಿ ಇದು ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ (ಐಟಿಐ), ಶಿಶಿಕ್ಷು ತರಬೇತಿಯ ಮೂಲಕ ಮತ್ತು ಖಾಸಗಿ ಗ್ಯಾರೇಜುಗಳಲ್ಲಿ ಕೆಲಸ ಮಾಡುತ್ತಲೇ ಕಲಿಯುವ ರೂಢಿಯಿಂದ ದೊರೆಯುತ್ತದೆ. ಭಾಗಗಳನ್ನು ಬಿಚ್ಚಿ ಜೋಡಿಸುವ ಕೈಚಳಕದಷ್ಟೇ, ದೋಷದ ಮೂಲವನ್ನು ಪರೀಕ್ಷೆಯಿಂದ ಪತ್ತೆಹಚ್ಚುವ ವಿವೇಚನೆಯೂ ಈ ಶಿಕ್ಷಣದ ಗುರಿಯಾಗಿದೆ. ಮೂಲ ತಿಳಿಯದೆ ಭಾಗ ಬದಲಾಯಿಸಿದರೆ ವಾಹನದ ಮಾಲೀಕನಿಗೆ ನಷ್ಟವಾಗುತ್ತದೆ. ದೋಷವೂ ಹಾಗೆಯೇ ಉಳಿಯುತ್ತದೆ.

ಹಿನ್ನೆಲೆ

ಭಾರತ ಸರ್ಕಾರವು 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆಯನ್ನು ಆರಂಭಿಸಿತು. 1956ರಲ್ಲಿ ಐಟಿಐಗಳ ದೈನಂದಿನ ಆಡಳಿತ ರಾಜ್ಯಗಳಿಗೆ ವರ್ಗಾವಣೆಯಾಯಿತು. ಅದೇ ವರ್ಷ ರಾಷ್ಟ್ರೀಯ ಮಟ್ಟದಲ್ಲಿ ಪಠ್ಯಕ್ರಮ ಮತ್ತು ಪರೀಕ್ಷೆಗಳ ಕುರಿತು ಸಲಹೆ ನೀಡುವ ಮಂಡಳಿಯೂ ರಚನೆಯಾಯಿತು. 1961ರ ಶಿಶಿಕ್ಷು ಕಾಯಿದೆಯು ಉದ್ಯಮಗಳಲ್ಲಿ ವೇತನಭತ್ಯೆಯೊಂದಿಗೆ ತರಬೇತಿ ನೀಡುವುದಕ್ಕೆ ಕಾನೂನಿನ ಚೌಕಟ್ಟು ಒದಗಿಸಿತು. 2015ರಲ್ಲಿ ಈ ಯೋಜನೆಗಳು ಕಾರ್ಮಿಕ ಸಚಿವಾಲಯದಿಂದ ಕೌಶಲಾಭಿವೃದ್ಧಿ ಮತ್ತು ಉದ್ಯಮಶೀಲತೆ ಸಚಿವಾಲಯಕ್ಕೆ ಸೇರಿದವು.

ಪಠ್ಯಕ್ರಮ

ಐಟಿಐಗಳಲ್ಲಿ ‘ಮೆಕ್ಯಾನಿಕ್ ಮೋಟಾರ್ ವೆಹಿಕಲ್’ ಎಂಬ ವೃತ್ತಿಯ ಅವಧಿ 2 ವರ್ಷಗಳು. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವರಿಗೆ ಪ್ರವೇಶವಿದೆ. ತರಬೇತಿಯ ಹೆಚ್ಚಿನ ಪಾಲು ಕಾರ್ಯಾಗಾರದಲ್ಲಿ ನಡೆಯುತ್ತದೆ. ವೃತ್ತಿ ಸಿದ್ಧಾಂತ, ಕಾರ್ಯಾಗಾರದ ಗಣಿತ ಮತ್ತು ವಿಜ್ಞಾನ, ಎಂಜಿನಿಯರಿಂಗ್ ಚಿತ್ರರಚನೆ ಹಾಗೂ ಉದ್ಯೋಗ ಕೌಶಲಗಳು ಇತರ ವಿಷಯಗಳು. ಅಖಿಲ ಭಾರತ ವೃತ್ತಿ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ನೀಡಲಾಗುತ್ತದೆ.

ಕಲಿಕೆ ಅಳತೆಯಿಂದ ಆರಂಭವಾಗುತ್ತದೆ. ವರ್ನಿಯರ್ ಕ್ಯಾಲಿಪರ್, ಮೈಕ್ರೋಮೀಟರ್, ಫೀಲರ್ ಗೇಜ್ ಮತ್ತು ಡಯಲ್ ಗೇಜ್ ಬಳಸಿ ಸಿಲಿಂಡರಿನ ಸವೆತ, ವಾಲ್ವಿನ ಸಂದು, ಶಾಫ್ಟಿನ ಓಲಾಟಗಳನ್ನು ಅಳೆಯಲು ವಿದ್ಯಾರ್ಥಿಗಳು ಕಲಿಯುತ್ತಾರೆ. ಬೋಲ್ಟುಗಳನ್ನು ತಯಾರಕರು ಸೂಚಿಸಿದ ಬಲದಷ್ಟೇ ಬಿಗಿಮಾಡಲು ಟಾರ್ಕ್ ರೆಂಚ್ ಬಳಸಲಾಗುತ್ತದೆ. ಸಿಲಿಂಡರ್ ಹೆಡ್ಡಿನ ಬೋಲ್ಟುಗಳನ್ನು ಸಾಮಾನ್ಯವಾಗಿ ನಡುವಿನಿಂದ ಆರಂಭಿಸಿ ಹೊರಗಿನ ಕಡೆಗೆ, ಹಂತಹಂತವಾಗಿ ಬಿಗಿಮಾಡಬೇಕು. ಈ ಕ್ರಮ ತಪ್ಪಿದರೆ ಹೆಡ್ ಬಾಗಿ ಗ್ಯಾಸ್ಕೆಟ್ ಸೋರುವ ಸಂಭವವಿದೆ.

ಎಂಜಿನ್ ಕಾರ್ಯಕ್ಷಮತೆಯ ಪರೀಕ್ಷೆ

ನಾಲ್ಕು ಹೊಡೆತಗಳ ಅಂತರ್ದಹನ ಎಂಜಿನ್ ಹೀರಿಕೆ, ಸಂಪೀಡನ, ಶಕ್ತಿ ಮತ್ತು ನಿಷ್ಕಾಸ ಎಂಬ ಹಂತಗಳಲ್ಲಿ ಕೆಲಸ ಮಾಡುತ್ತದೆ. ಪೆಟ್ರೋಲ್ ಎಂಜಿನ್ ಸರಿಯಾಗಿ ಓಡಲು ತಕ್ಕ ಪ್ರಮಾಣದ ಗಾಳಿ ಮತ್ತು ಇಂಧನ, ಸಾಕಷ್ಟು ಸಂಪೀಡನ ಹಾಗೂ ಸಕಾಲದಲ್ಲಿ ಕಿಡಿ ಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯ ಬದಲು ಸಂಪೀಡನದ ಶಾಖವೇ ಇಂಧನವನ್ನು ಹೊತ್ತಿಸುತ್ತದೆ. ಎಂಜಿನ್ ಎಳೆಯುತ್ತಿಲ್ಲ ಎಂಬ ದೂರು ಬಂದಾಗ ಇವುಗಳಲ್ಲಿ ಯಾವುದು ಕೊರತೆಯಾಗಿದೆ ಎಂದು ಮೊದಲು ನಿರ್ಧರಿಸಬೇಕು.

ಹೊಗೆಯ ಬಣ್ಣವು ಆರಂಭದ ಸುಳಿವು ಕೊಡುತ್ತದೆ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದನ್ನು, ಕಪ್ಪು ಹೊಗೆ ಇಂಧನ ಹೆಚ್ಚಾಗಿರುವುದನ್ನು ಅಥವಾ ಗಾಳಿ ಸಾಲದಿರುವುದನ್ನು ಸೂಚಿಸುತ್ತದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ಬರುತ್ತಿದ್ದರೆ ಶೀತಕ ದ್ರವ ಸಿಲಿಂಡರಿಗೆ ಸೋರುತ್ತಿರಬಹುದು.

ಸಂಪೀಡನ ಪರೀಕ್ಷೆ ಎಲ್ಲ ವಿದ್ಯಾರ್ಥಿಗಳೂ ಮಾಡಬೇಕಾದ ಮುಖ್ಯ ಪ್ರಯೋಗ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಮತ್ತು ಕಿಡಿಯ ಸಂಪರ್ಕ ತಪ್ಪಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಆ ರಂಧ್ರದಲ್ಲಿ ಗೇಜನ್ನು ಕೂರಿಸಿ ಸ್ಟಾರ್ಟರಿನಿಂದ ಎಂಜಿನ್ ತಿರುಗಿಸುತ್ತಾರೆ. ಒಂದು ಸಿಲಿಂಡರಿನ ಒತ್ತಡ ಕಡಿಮೆ ಕಂಡರೆ ಅದರೊಳಗೆ ಸ್ವಲ್ಪ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಸವೆದಿರುವ ಸಾಧ್ಯತೆ ಹೆಚ್ಚು. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಮೇಲೆ ಸಂಶಯ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲೂ ಒತ್ತಡ ಕಡಿಮೆಯಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರಬಹುದು. ಹೀಗೆ ಎಂಜಿನ್ ಬಿಚ್ಚುವ ಮೊದಲೇ ಕೆಲಸದ ವ್ಯಾಪ್ತಿ ತಿಳಿಯುತ್ತದೆ.

ಶಕ್ತಿ ಪ್ರಸರಣ ವ್ಯವಸ್ಥೆ

ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಮುಟ್ಟಿಸುವ ಕ್ಲಚ್, ಗೇರ್ ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್ ಮತ್ತು ಆಕ್ಸಲ್‌ಗಳು ಈ ವಿಭಾಗಕ್ಕೆ ಸೇರುತ್ತವೆ. ಗೇರ್ ಬಾಕ್ಸ್ ಇಳಿಸುವುದು ಶ್ರಮದ ಹಾಗೂ ವೆಚ್ಚದ ಕೆಲಸವಾದುದರಿಂದ ಲಕ್ಷಣಗಳನ್ನು ಮೊದಲು ಬೇರ್ಪಡಿಸಿ ನೋಡಲು ಕಲಿಸಲಾಗುತ್ತದೆ. ಎಂಜಿನ್ನಿನ ವೇಗ ಏರಿದರೂ ವಾಹನದ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ವಾಹನ ನ್ಯೂಟ್ರಲ್‌ನಲ್ಲಿದ್ದು ಎಂಜಿನ್ ಓಡುತ್ತಿರುವಾಗ ಕೇಳುವ ಸದ್ದು, ಕ್ಲಚ್ ಒತ್ತಿದೊಡನೆ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗನ್ನೂ, ಕ್ಲಚ್ ಒತ್ತಿದಾಗಲೇ ಆರಂಭವಾದರೆ ರಿಲೀಸ್ ಬೇರಿಂಗನ್ನೂ ಶಂಕಿಸಬೇಕು. ಮುಂಚಕ್ರ ಚಾಲನೆಯ ಕಾರು ತಿರುವಿನಲ್ಲಿ ಟಕಟಕ ಸದ್ದು ಮಾಡಿದರೆ ಸಾಮಾನ್ಯವಾಗಿ ಚಕ್ರದ ಬದಿಯ ಸಿವಿ ಜಾಯಿಂಟ್ ಸವೆದಿರುತ್ತದೆ.

ಡಿಫರೆನ್ಷಿಯಲ್ ಜೋಡಿಸುವಾಗ ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜಿನಿಂದ ಅಳೆದು, ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿ ಅವು ಪರಸ್ಪರ ಕೂಡುವ ಜಾಗವನ್ನು ನೋಡುತ್ತಾರೆ.

ವಿದ್ಯುನ್ಮಾನ ನಿಯಂತ್ರಣ

ಭಾರತದಲ್ಲಿ ಭಾರತ್ ಸ್ಟೇಜ್ 4 ಮಾನದಂಡ 2017ರ ಏಪ್ರಿಲ್‌ನಿಂದ ದೇಶದಾದ್ಯಂತ ಜಾರಿಯಾಯಿತು. ಭಾರತ್ ಸ್ಟೇಜ್ 5 ಅನ್ನು ಬಿಟ್ಟು 2020ರ ಏಪ್ರಿಲ್‌ನಿಂದ ಸ್ಟೇಜ್ 6 ಜಾರಿಗೆ ಬಂದಿತು. ಇದರಿಂದ ಸಂವೇದಕಗಳು ಮತ್ತು ಗಣಕೀಕೃತ ನಿಯಂತ್ರಣ ಘಟಕಗಳ ಜ್ಞಾನ ಮೆಕ್ಯಾನಿಕ್‌ಗೆ ಅನಿವಾರ್ಯವಾಯಿತು. ವಾಹನಕ್ಕೆ ಸ್ಕ್ಯಾನರ್ ಜೋಡಿಸಿದಾಗ ದೋಷ ಸಂಕೇತಗಳು ದೊರೆಯುತ್ತವೆ. ಆದರೆ ಸಂಕೇತವು ಲಕ್ಷಣವನ್ನು ತಿಳಿಸುತ್ತದೆಯೇ ಹೊರತು ಕೆಟ್ಟ ಭಾಗವನ್ನಲ್ಲ. ಉದಾಹರಣೆಗೆ ಪಿ0301 ಎಂಬ ಸಂಕೇತವು ಒಂದನೆಯ ಸಿಲಿಂಡರಿನಲ್ಲಿ ದಹನ ತಪ್ಪುತ್ತಿದೆ ಎಂದಷ್ಟೇ ಹೇಳುತ್ತದೆ. ಪ್ರತಿ ಸಿಲಿಂಡರಿಗೂ ಬೇರೆ ಇಗ್ನಿಷನ್ ಕಾಯಿಲ್ ಇರುವ ಎಂಜಿನ್ನಿನಲ್ಲಿ ಆ ಕಾಯಿಲನ್ನು ಎರಡನೆಯ ಸಿಲಿಂಡರಿಗೆ ಬದಲಾಯಿಸಿದಾಗ ಸಂಕೇತ ಪಿ0302 ಆದರೆ ದೋಷ ಕಾಯಿಲಿನದು. ಹಾಗಾಗದಿದ್ದರೆ ಪ್ಲಗ್, ಇಂಜೆಕ್ಟರ್ ಅಥವಾ ಸಂಪೀಡನವನ್ನು ಪರೀಕ್ಷಿಸಬೇಕು.

ಜರ್ಮನಿಯಲ್ಲಿ 2003ರಲ್ಲಿ ವಾಹನ ಮೆಕ್ಯಾನಿಕ್ ಮತ್ತು ವಾಹನ ಎಲೆಕ್ಟ್ರೀಷಿಯನ್ ವೃತ್ತಿಗಳನ್ನು ಒಂದುಗೂಡಿಸಿ ಮೂರೂವರೆ ವರ್ಷಗಳ ಮೆಕಟ್ರಾನಿಕ್ಸ್ ತರಬೇತಿ ರೂಪಿಸಲಾಯಿತು. ಭಾರತದ ಐಟಿಐಗಳಲ್ಲಿ ಈಗ ವಿದ್ಯುತ್ ವಾಹನ ಮೆಕ್ಯಾನಿಕ್ ವೃತ್ತಿಯೂ ಸೇರಿದೆ. ಅಧಿಕ ವೋಲ್ಟೇಜಿನ ಬ್ಯಾಟರಿಯ ಸಂಪರ್ಕ ತಪ್ಪಿಸುವ ಕ್ರಮ ಮತ್ತು ವಿದ್ಯುತ್ ನಿರೋಧಕ ಕೈಗವಸಿನ ಬಳಕೆಯನ್ನು ಅದರಲ್ಲಿ ಮೊದಲೇ ಕಲಿಯಬೇಕಾಗುತ್ತದೆ.

ಕರ್ನಾಟಕದಲ್ಲಿ

ಕರ್ನಾಟಕದ ಸರ್ಕಾರಿ ಐಟಿಐಗಳು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಅಧೀನದಲ್ಲಿವೆ. ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ಉನ್ನತೀಕರಿಸಿದ 150 ಐಟಿಐಗಳನ್ನು 2022ರ ಜೂನ್‌ನಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿ ಲೋಕಾರ್ಪಣೆ ಮಾಡಲಾಯಿತು.

ಗ್ಯಾರೇಜು ಕಲಿಕೆ ಮತ್ತು ಸವಾಲುಗಳು

ಶಾಲೆ ಬಿಟ್ಟ ಹುಡುಗರು ಗ್ಯಾರೇಜಿಗೆ ಸೇರಿ, ಸ್ಪ್ಯಾನರ್ ಎತ್ತಿಕೊಡುವುದರಿಂದ ಆರಂಭಿಸಿ ಹಿರಿಯ ಮೆಕ್ಯಾನಿಕ್‌ನ ಕೈಕೆಳಗೆ ಕಲಿಯುವುದು ದೀರ್ಘಕಾಲದ ರೂಢಿ. ಬಾಲಕಾರ್ಮಿಕ ನಿಷೇಧ ಕಾನೂನಿಗೆ 2016ರಲ್ಲಿ ಬಂದ ತಿದ್ದುಪಡಿಯಂತೆ 14 ವರ್ಷದೊಳಗಿನ ಮಕ್ಕಳನ್ನು ಗ್ಯಾರೇಜಿನಲ್ಲಿ ದುಡಿಸಿಕೊಳ್ಳುವುದು ಅಪರಾಧ. ಹೀಗೆ ಕಲಿತವರಲ್ಲಿ ಅನೇಕರು ಸದ್ದಿನಿಂದಲೇ ದೋಷ ಗುರುತಿಸಬಲ್ಲ ನಿಪುಣರು. ಆದರೆ ಅವರ ಜ್ಞಾನಕ್ಕೆ ದಾಖಲೆಯಿಲ್ಲ. ಹೊಸ ವಾಹನಗಳ ಸ್ಕ್ಯಾನರ್, ದುರಸ್ತಿ ಕೈಪಿಡಿಗಳು ದುಬಾರಿ, ಮತ್ತು ಕೈಪಿಡಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಇಂತಹವರ ಪೂರ್ವಕಲಿಕೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡಲು ಅವಕಾಶವಿದೆ.

ಇನ್ನೊಂದೆಡೆ, ಹಳೆಯ ಎಂಜಿನ್ನುಗಳ ಮೇಲಷ್ಟೇ ಅಭ್ಯಾಸ ಮಾಡಿದ ಐಟಿಐ ವಿದ್ಯಾರ್ಥಿಗೆ ಪ್ರಮಾಣಪತ್ರವಿದ್ದರೂ ಓಡಾಡುವ ವಾಹನಗಳ ಅನುಭವ ಸಾಲದು. ಗ್ಯಾರೇಜಿನ ಅನುಭವ ಮತ್ತು ತರಗತಿಯ ಅಳತೆ ಎರಡೂ ಕೂಡಿದಾಗಲೇ ಮೆಕ್ಯಾನಿಕ್‌ನ ಕಲಿಕೆ ಪೂರ್ಣವಾಗುತ್ತದೆ. ಐಟಿಐ ಮುಗಿಸಿದವರಿಗೆ ಶಿಶಿಕ್ಷು ತರಬೇತಿಯು ಈ ಕೊರತೆಯನ್ನು ತುಂಬುವ ಮುಖ್ಯ ಮಾರ್ಗವಾಗಿದೆ.