ನಮ್ಮಪ್ಪನ ಸುದ್ದಿ, ನಮ್ಮವ್ವನ ರಿಮೋಟ್

ಹೋದ ಐತವಾರ ನಮ್ಮ ಮನ್ಯಾಗ ಟಿ.ವಿ. ರಿಮೋಟ್ ಕಳೀತು. ಸೋಫಾದ ಸಂದ್ಯಾಗ ನೋಡಿದ್ವಿ, ಹಾಸಿಗಿ ಝಾಡಿಸಿದ್ವಿ, ಮಗನ ದಪ್ತರ ಸೈತ ಹುಡುಕಿದ್ವಿ. ಇಲ್ಲ. ಕಡೀಕ ಸಿಕ್ಕದ್ದು ಎಲ್ಲೆ ಅಂತೀರಿ? ಅಕ್ಕಿ ಡಬ್ಬ್ಯಾಗ. ನನ್ನ ಹೆಂಡತಿ ಅನ್ನಕ್ಕ ಅಕ್ಕಿ ತಗೀಲಿಕ್ಕೆ ಕೈ ಹಾಕಿದ್ರ ವಾಟಗಾದ ಜೋಡಿ ರಿಮೋಟ್ ಬಂತು. ಇಟ್ಟವರು ಯಾರು ಅಂತ ಯಾರೂ ಕೇಳಲಿಲ್ಲ. ನಮ್ಮವ್ವ ಒಲೀ ಮುಂದ ಬೆನ್ನು ತಿರುಗಿಸಿ ನಿಂತಿದ್ಲು, ಅದರಾಗ ಎಲ್ಲಾ ತಿಳೀತು.

ಕಾರಣ ಆಮ್ಯಾಲೆ ಹೇಳತೇನಿ. ಮೊದಲ ನಮ್ಮಪ್ಪಂದೂ ಟಿ.ವಿ. ಸುದ್ದೀದೂ ಹಳೇ ಸಂಬಂಧ ಹೇಳಬೇಕು. ಅದು ಹೇಳದ ಹೊರತು ರಿಮೋಟ್ ಅಕ್ಕಿ ಡಬ್ಬೀಗೆ ಯಾಕ ಹೋತು ಅನ್ನೋದು ತಿಳಿಯಂಗಿಲ್ಲ.

ಈಗ ಎಲ್ಲಿ ನಾಕು ಮಂದಿ ಕೂಡಿದ್ರೂ ಒಂದ ಮಾತು. "ಏನ್ ಒದರತಾರ್ರಿ ಈ ಟಿ.ವಿ.ಯವರು! ಹಿಂದಕ ದೂರದರ್ಶನ ಎಷ್ಟು ಛಲೋ ಇತ್ತು!" ನಾನೂ ಹಂಗ ಅಂತಿದ್ದೆ. ನಮ್ಮಪ್ಪ ಮಾತ್ರ ಈ ಮಾತಿಗೆ ಗೋಣು ಹಾಕಂಗಿಲ್ಲ. ಯಾಕಂದ್ರ ನಮ್ಮ ಕಡೆ ಟಿ.ವಿ. ಮೊದಲ ಬಂದಾಗ ಅದನ್ನ ಕಾದವರೊಳಗ ಅವನೂ ಒಬ್ಬ.

1975ರಾಗ ಅವ ಆಗಿನ ಬಿಜಾಪುರ ಜಿಲ್ಲಾದ ಒಂದ ಹಳ್ಳ್ಯಾಗ ಹೊಸದಾಗಿ ಮಾಸ್ತರ ಆಗಿದ್ದ. ಬಾಗಲಕೋಟಿ ಇನ್ನೂ ಬ್ಯಾರೆ ಜಿಲ್ಲಾ ಆಗಿರಲಿಲ್ಲ. ಆ ವರ್ಷ ಆಗಸ್ಟ್ 1ಕ್ಕ 'ಸೈಟ್' ಅನ್ನೋ ಪ್ರಯೋಗ ಸುರು ಆತು. ಅಮೆರಿಕದ ನಾಸಾದವರ ಎ.ಟಿ.ಎಸ್-6 ಉಪಗ್ರಹ ಒಂದ ವರ್ಷದ ಮಟ್ಟಿಗೆ ಎರವಲು ತಗೊಂಡು, ನಮ್ಮ ಇಸ್ರೋದವರು 6 ರಾಜ್ಯದ ಸುಮಾರು 2,400 ಹಳ್ಳಿಗೆ ಟಿ.ವಿ. ತೋರಿಸಿದ್ರು. ಕರ್ನಾಟಕದಾಗ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲಾ ಅದರಾಗ ಇದ್ದವು. ಬೆಂಗಳೂರಾಗ ಟಿ.ವಿ. ಇಲ್ಲದಾಗ ನಮ್ಮ ಬಿಸಿಲು ಸೀಮಿ ಹಳ್ಳ್ಯಾಗ ಟಿ.ವಿ. ಇತ್ತು ಅಂದ್ರ ಈಗಿನ ಹುಡುಗರು ನಂಬಂಗಿಲ್ಲ.

ಸಾಲಿ ಮಾಳಿಗಿ ಮ್ಯಾಲೆ ಕೋಳಿ ಗೂಡಿಗೆ ಹಾಕೋವಂಥಾ ಜಾಳಿಗಿ ತಂತೀದು, ಹತ್ತು ಫೂಟಿನ ದೊಡ್ಡ ಬುಟ್ಟಿ ಹಂಗ ಆಂಟೆನಾ. ಮುಂಜಾನೆ ಸಾಲಿ ಹುಡುಗರಿಗೆ ಪಾಠ, ಸಂಜಿಗೆ ಊರ ಮಂದೀಗೆ ಒಕ್ಕಲುತನ, ಆರೋಗ್ಯ, ಹಾಡು, ಸುದ್ದಿ. ಸಂಜೀಕ ಸೆಟ್ ಹಚ್ಚೋದು, ಮುಗದ ಮ್ಯಾಲೆ ಕೀಲಿ ಹಾಕೋದು ನಮ್ಮಪ್ಪನ ಕೆಲಸ. ಹೆಣ್ಣಮಕ್ಕಳು ಒಂದ ಕಡೆ, ಗಂಡಸರು ಒಂದ ಕಡೆ, ಹುಡುಗರು ಮುಂದ ನೆಲದ ಮ್ಯಾಲೆ. 1976ರ ಜುಲೈ 31ಕ್ಕ ವರ್ಷ ತುಂಬತು, ಉಪಗ್ರಹ ಹೊಳ್ಳಿ ಹೋತು, ಪರದೆ ಮ್ಯಾಲೆ ಬರೇ ಇರಿವಿ ಹರದಂಗ ಚುಕ್ಕಿ. ಮರುದಿನ ಸಂಜೀಕೂ ಮಂದಿ ಬಂದು ಕೂತಿದ್ರಂತ. "ಮಾಸ್ತರ, ಹಚ್ಚರಿ" ಅಂದ್ರಂತ.

"ಆವಾಗಿನ ಸುದ್ದಿ ಛಲೋ ಇತ್ತಲ್ಲಪಾ?" ಅಂತ ನಾ ಒಮ್ಮೆ ಕೇಳಿದ್ದೆ. ನಮ್ಮಪ್ಪ ನಕ್ಕ. "ಅದು ಎಮರ್ಜನ್ಸಿ ವರ್ಷ ಅನ್ನೋದು ಮರೀಬ್ಯಾಡ. ಸರ್ಕಾರ ಹೇಳಿದ್ದಷ್ಟ ಸುದ್ದಿ. ಯಾರನ್ನ ಹಿಡಕೊಂಡು ಹೋದ್ರು, ಯಾರು ಜೇಲಿನ್ಯಾಗ ಇದ್ದಾರ, ಒಂದೂ ಬರತಿರಲಿಲ್ಲ. ಮೆಲ್ಲಕ ಮಾತಾಡತಿದ್ರು ಖರೆ. ಮೆಲ್ಲಕ ಮಾತಾಡಿದ್ದೆಲ್ಲಾ ಖರೇ ಅಲ್ಲ" ಅಂದ.

ಆ ಕಾಲದ್ದ ಇನ್ನೊಂದು ಕತಿ ಭಾಳ ಪ್ರಸಿದ್ಧ. 1977ರ ಫೆಬ್ರವರಿ 6ಕ್ಕ ಡಿಲ್ಲಿ ರಾಮಲೀಲಾ ಮೈದಾನದಾಗ ವಿರೋಧ ಪಕ್ಷದವರ ದೊಡ್ಡ ಸಭಾ. ಕಾಂಗ್ರೆಸ್ ಬಿಟ್ಟು ಹೊರಗ ಬಂದಿದ್ದ ಜಗಜೀವನ ರಾಮ್ ಮಾತಾಡೋರಿದ್ರು. ಅವತ್ತ ಸಂಜಿಗೆ ದೂರದರ್ಶನದಾಗ ರಾಜ್ ಕಪೂರರ 'ಬಾಬಿ' ಸಿನಿಮಾ ಹಾಕಿದ್ರು, ಮಂದಿ ಮನಿ ಬಿಟ್ಟು ಹೊರಗ ಬರಬಾರದು ಅಂತ. ಮಂದಿ ಬಾಬಿ ಬಿಟ್ಟು ಮೈದಾನಕ್ಕ ಹೋದ್ರು. ಟಿ.ವಿ. ಮ್ಯಾಲೆ ಸಿಟ್ಟು ಇವತ್ತಿಂದಲ್ಲ ನೋಡ್ರಿ. ಆಗ ಆ ಸಿಟ್ಟು ಮುಚ್ಚಿಡೋದರ ಮ್ಯಾಲೆ ಇತ್ತು, ಈಗ ಒದರೋದರ ಮ್ಯಾಲೆ ಅದ.

ಮುಚ್ಚಿಡೋದು ಎಮರ್ಜನ್ಸಿ ಜೋಡಿ ಮುಗೀಲಿಲ್ಲ. 1984ರ ಅಕ್ಟೋಬರ್ 31. ಮುಂಜಾನೆ ಇಂದಿರಾ ಗಾಂಧಿಯವರಿಗೆ ಗುಂಡು ಬಿತ್ತು. ಹೋಗಿಬಿಟ್ರು ಅನ್ನೋದು ಬಿ.ಬಿ.ಸಿ. ರೇಡಿಯೋ ಕೇಳಿದವರಿಗೆ ಮಧ್ಯಾಹ್ನಕ್ಕ ಗೊತ್ತಾಗಿತ್ತು. ನಮ್ಮ ಆಕಾಶವಾಣಿ, ದೂರದರ್ಶನ ಅಧಿಕೃತವಾಗಿ ಹೇಳಿದ್ದು ಸಂಜಿಗೆ; ದೂರದರ್ಶನದಾಗ ಸಲ್ಮಾ ಸುಲ್ತಾನ್ ಓದಿದ್ರು. ನಮ್ಮ ದೇಶದ ಪ್ರಧಾನಿ ಸತ್ತದ್ದು ನಾವು ಪರದೇಶದ ರೇಡಿಯೋದಿಂದ ಕೇಳಬೇಕಾತು. ಖರೇ ಹೇಳೋವರು ಸುಮ್ಮ ಕೂತ್ರ ಆ ಜಾಗಾದಾಗ ಗಾಳಿಸುದ್ದಿ ಬಂದು ಕೂಡತದ ಅಂತ ನಮ್ಮಪ್ಪ ಇವತ್ತಿಗೂ ಅಂತಾನ.

ನಮ್ಮ ಮನಿಗೆ ಟಿ.ವಿ. ಬಂದದ್ದು 1987ರಾಗ, ರಾಮಾಯಣ ಸುರು ಆದ ವರ್ಷ. ಬ್ಲ್ಯಾಕ್ ಆಂಡ್ ವೈಟು, ಕಟಗಿ ಶಟರ್ ಇದ್ದದ್ದು. ಸುದ್ದಿ ಮುಗೀತಂದ್ರ ನಮ್ಮವ್ವ ಶಟರ್ ಎಳದು, ಮ್ಯಾಲೆ ಕ್ರೋಷಾದ ಅರವಿ ಹೊಚ್ಚತಿದ್ಲು. ಟಿ.ವಿ.ಗೆ ಬಾಗಲಾ ಇತ್ತು, ಆ ಬಾಗಲಾ ನಮ್ಮ ಕೈಯಾಗ ಇತ್ತು. ಈಗ ನೆನಸಿದ್ರ ಅದ ದೊಡ್ಡ ವಿಷಯ ಅನಸ್ತದ.

ಮುಂದ ಎಲ್ಲಾ ಲಗೂ ಲಗೂ ಬದಲಾತು. 1991ರ ಕೊಲ್ಲಿ ಯುದ್ಧ ಸಿ.ಎನ್.ಎನ್.ನವರು ನೇರ ತೋರಿಸಿದ್ರು. ಅದರ ಹಿಂದ ಓಣಿ ಓಣಿಗೆ ಕೇಬಲ್ ವಾಯರು ಬಂತು. 1995ರ ಫೆಬ್ರವರಿಯಾಗ ಸುಪ್ರೀಂ ಕೋರ್ಟು, ಕ್ರಿಕೆಟ್ ಪ್ರಸಾರದ ಒಂದ ಜಗಳದಾಗ, ದೊಡ್ಡ ಮಾತು ಹೇಳತು. ಗಾಳ್ಯಾಗ ಹರಿಯೋ ತರಂಗ ಸಾರ್ವಜನಿಕರ ಆಸ್ತಿ, ಸರ್ಕಾರ ಒಂದ ಅದನ್ನ ಹಿಡಕೊಂಡು ಕೂಡೋದು ಸಲ್ಲ, ಹಂಗಂತ ರೊಕ್ಕ ಇದ್ದ ನಾಕು ಮಂದಿ ಕೈಯಾಗ ಹೋಗೋದೂ ಸಲ್ಲ ಅಂತ. ಮೊದಲನೇ ಅರ್ಧಾ ನಾವು ಕೇಳಿದ್ವಿ. ಎರಡನೇ ಅರ್ಧಾ ಮರತ್ವಿ.

ಅದ ವರ್ಷ 'ಆಜ್ ತಕ್' ಡಿಡಿ ಮೆಟ್ರೋದಾಗ 20 ಮಿನಿಟಿನ ಕಾರ್ಯಕ್ರಮ ಆಗಿ ಸುರು ಆತು. 2000ದ ಡಿಸೆಂಬರ್ 31ಕ್ಕ 24 ತಾಸಿನ ವಾಹಿನಿ ಆತು. ಕನ್ನಡದಾಗ ಟಿ.ವಿ.9 ಬಂದದ್ದು 2006ರ ಡಿಸೆಂಬರ್‌ನಾಗ, ಅದರ ಬೆನ್ನ ಹಿಂದ ಮತ್ತ ನಾಕಾರು. ಸುರುವಾತಿಗೆ ನಮಗ ಖುಷಿನ ಆಗಿತ್ತು. ನಮ್ಮ ಭಾಷಾದಾಗ, ನಮ್ಮ ತಾಲೂಕಿನ ರಸ್ತಾದ ತೆಗ್ಗು ಟಿ.ವಿ.ಯಾಗ ಬಂತು, ಅಧಿಕಾರಿಗಳು ಅಂಜಲಿಕ್ಕತ್ರು. ಇದನ್ನ ಇಲ್ಲ ಅನ್ನಬಾರದು.

ಆದ್ರ ಸುದ್ದಿ ದಿನಕ್ಕ 24 ತಾಸು ಹುಟ್ಟಂಗಿಲ್ಲಲ್ರಿ? ಊರಿಗೊಬ್ಬ ವರದಿಗಾರ, ಕ್ಯಾಮೆರಾ, ಗಾಡಿ ಇಟ್ಟು ಸುದ್ದಿ ತರಬೇಕಂದ್ರ ಭಾಳ ಖರ್ಚು. ಅದರ ಬದಲಿ ನಾಕು ಮಂದೀನ ನಾಕು ಚೌಕದಾಗ ಕೂಡಿಸಿ ಜಗಳಾ ಹಚ್ಚಿದ್ರ ಅಗ್ಗ. ಕೇಬಲ್ಲಿನವರಿಗೆ ವಾಹಿನಿ ತೋರಿಸ್ರಿ ಅಂತ ವಾಹಿನಿಯವರ ರೊಕ್ಕ ಕೊಡಬೇಕಿತ್ತು. ಉಳದದ್ದು ಜಾಹೀರಾತು. ಜಾಹೀರಾತು ಬರೋದು ಟಿ.ಆರ್.ಪಿ. ನೋಡಿ. ಈ ಟಿ.ಆರ್.ಪಿ. ಲೆಕ್ಕಾ ಹೆಂಗಂದ್ರ, 2020ರ ಹೊತ್ತಿಗೆ ದೇಶದಾಗ ಸುಮಾರು 20 ಕೋಟಿ ಟಿ.ವಿ. ಮನಿ, ಅಳಿಯೋ ಪೆಟಿಗಿ ಇದ್ದದ್ದು ಸುಮಾರು 44 ಸಾವಿರ ಮನ್ಯಾಗ. ಅಂದ್ರ ಒಂದ ಮನಿ ನಾಕೂವರೆ ಸಾವಿರ ಮನೀ ಪರವಾಗಿ ಮಾತಾಡತದ. ಅದರಾಗ ಸುದ್ದಿ ನೋಡೋವರು ಇನ್ನೂ ಕಡಿಮಿ. ಕೆಲವು ಮನೀ ಕಣ್ಣು ಹಿಡದು ಕೂಡಿಸಿದ್ರ ಸಾಕು, ಲೆಕ್ಕಾ ಮ್ಯಾಲೇರತದ. ಆ ಅಕ್ಟೋಬರ್‌ನಾಗ ಮುಂಬೈ ಪೊಲೀಸರು ಟಿ.ಆರ್.ಪಿ. ಮೋಸದ ಕೇಸು ಹಾಕಿದ ಮ್ಯಾಲೆ ಸುದ್ದಿ ವಾಹಿನಿಗಳ ಲೆಕ್ಕಾ ಹೇಳೋದ ನಿಲ್ಲಿಸಿದ್ರು. ಮತ್ತ ಸುರು ಆದದ್ದು 2022ರ ಮಾರ್ಚಿಗೆ. ಲೆಕ್ಕಾ ಇಲ್ಲದ ಆ ಒಂದೂವರಿ ವರ್ಷನೂ ಒದರೋದೇನು ನಿಲ್ಲಲಿಲ್ಲ. ರೂಢಿ ಆಗಿತ್ತು.

ಕಣ್ಣು ಹಿಡದು ಕೂಡಸೋದು ಹೆಂಗ ಅಂತ ವಾಹಿನಿಗಳು ಕಲತದ್ದು 2006ರ ಜುಲೈದಾಗ. ಹರಿಯಾಣದ ಕುರುಕ್ಷೇತ್ರ ಜಿಲ್ಲಾದಾಗ ಪ್ರಿನ್ಸ್ ಅನ್ನೋ 5 ವರ್ಷದ ಹುಡುಗ ಬೋರವೆಲ್ಲಿನ ತೆಗ್ಗಿನ್ಯಾಗ ಬಿದ್ದ. ಸುಮಾರು 50 ತಾಸು ನೇರ ಪ್ರಸಾರ. ಸೈನಿಕರು ಬಾಜೂಕ ಅಗದು ಜೀವಂತ ತಗದ್ರು. ನಮ್ಮವ್ವ ದೇವರ ಮುಂದ ದೀಪಾ ಹಚ್ಚಿಟ್ಟು ಕೂತಿದ್ಲು. ಹುಡುಗ ಬದುಕಿದ್ದು ಛಲೋನ ಆತು. ಆದ್ರ ಒಬ್ಬರ ಸಂಕಟ ತಾಸುಗಟ್ಟಲೆ ತೋರಿಸಿದ್ರ ದೇಶ ಕದಲಂಗಿಲ್ಲ ಅನ್ನೋದು ಸ್ಟುಡಿಯೋದವರಿಗೆ ತಿಳದುಬಿಡ್ತು. 2008ರ ಮುಂಬೈ ದಾಳ್ಯಾಗ ಕಮಾಂಡೋಗಳು ಎಲ್ಲಿ ಇಳೀಲಿಕ್ಕತ್ತಾರ ಅನ್ನೋದೂ ನೇರ ಬಂತು. 2012ರಾಗ ಸುಪ್ರೀಂ ಕೋರ್ಟು ಕಸಬ್ ಕೇಸಿನ ತೀರ್ಪಿನ್ಯಾಗ ಈ ಪ್ರಸಾರಕ್ಕ ಬಿರುಸು ಮಾತು ಹೇಳತು. 2015ರಾಗ ಅಂಥಾ ಕಾರ್ಯಾಚರಣಿ ನೇರ ತೋರಿಸಬಾರದು ಅಂತ ನಿಯಮ ಬಂತು.

ನಮ್ಮಪ್ಪನ ಮನಸಿಗೆ ಹತ್ತಿದ್ದು ಮಾತ್ರ ಇನ್ನೊಂದು. 2007ರ ಆಗಸ್ಟ್ ಕಡೀಗೆ ಡಿಲ್ಲಿಯ ಒಂದ ವಾಹಿನಿ, ಸರ್ಕಾರಿ ಸಾಲಿ ಟೀಚರ್ ಒಬ್ಬಾಕಿ ವಿದ್ಯಾರ್ಥಿನಿಯರನ್ನ ಕೆಟ್ಟ ದಂಧೇಕ ತಳ್ಳತಾಳ ಅಂತ ಗುಪ್ತ ಕ್ಯಾಮೆರಾ ದೃಶ್ಯ ತೋರಿಸ್ತು. ಮಂದಿ ಸಾಲೀಗೆ ನುಗ್ಗಿ ಆಕೀನ ಹೊಡದು, ಅರವಿ ಹರದ್ರು. ಕೆಲವ ದಿವಸದಾಗ ಪೊಲೀಸರು ಅದೆಲ್ಲಾ ಕಟ್ಟಿದ ಕತಿ ಅಂತ ಕಂಡುಹಿಡದ್ರು. ವಿದ್ಯಾರ್ಥಿನಿ ಅಂತ ತೋರಿಸಿದಾಕಿ ವಿದ್ಯಾರ್ಥಿನೀನ ಅಲ್ಲ. ವರದಿಗಾರನ್ನ ಹಿಡದ್ರು, ವಾಹಿನೀನ ಒಂದ ತಿಂಗಳು ಬಂದ್ ಮಾಡಿದ್ರು. ಒಂದ ತಿಂಗಳಷ್ಟ. "ನಾನೂ ಮೊದಲನೇ ದಿನ ನಂಬಿದ್ದೆ" ಅಂದ ನಮ್ಮಪ್ಪ. "ಮೂವತ್ತು ವರ್ಷ ಮಾಸ್ತರಕಿ ಮಾಡಿ, ಇನ್ನೊಬ್ಬ ಮಾಸ್ತರತೀನ ಒಂದ ಮಾತು ವಿಚಾರ ಮಾಡದ ಬೈದೆ."

ಅಷ್ಟಾದ್ರೂ ಬುದ್ಧಿ ಬರಲಿಲ್ಲ ಅಂತ ಅವನ ಹೇಳ್ತಾನ. 2020ರ ಲಾಕ್‌ಡೌನಿನ್ಯಾಗ ಮುಂಜಾನಿಂದ ರಾತ್ರಿತನಕ ಮನ್ಯಾಗ ಸುದ್ದಿ ಹಚ್ಚಿದ್ದ ಹಚ್ಚಿದ್ದು. ಒಂದ ದಿನ ಒಂದ ವಾಹಿನ್ಯಾಗ ನಮ್ಮ ಓಣೀನ ಬಂತು. ಮೈಕ್ ಹಿಡದ ಹುಡುಗ ನಮ್ಮ ಎದರಿನ ಮನಿ ಕಾಕೂ ಅವರ ಗೇಟಿನ ಮುಂದ ನಿಂತು, ಇದ ಮನ್ಯಾಗ ಕೊರೊನಾ ಬಂದದ ಅಂತ ಚೀರಿದ. ಕೆಳಗ ಕೆಂಪು ಪಟ್ಟಿ, ಹಿಂದ ಢಣ್ ಢಣ್ ಸಂಗೀತ. ಎದರಿನ ಮನಿ ನಮ್ಮ ಕಣ್ಣ ಮುಂದ ಇತ್ತು, ಕಾಕೂ ಹಿತ್ತಲದಾಗ ಅರವಿ ಒಣ ಹಾಕಲಿಕ್ಕತ್ತಿದ್ರು. ನಾವು ಕಿಟಕಿ ಬಿಟ್ಟು ಟಿ.ವಿ. ನಂಬಿದ್ವಿ. ಮರುದಿನ ಹಾಲಿನ ಹುಡುಗಗ ನಮ್ಮಪ್ಪನ ನಿಂತು ಹೇಳಿದ, "ತಮ್ಮಾ, ಆ ಮನಿಗೆ ಹೋಗಬ್ಯಾಡಪಾ."

ಕೊರೊನಾ ಬಂದದ್ದು ಹಿಂದಿನ ಕ್ರಾಸಿನ ಬ್ಯಾರೆ ಮನಿಗೆ. ನಾಕನೇ ದಿನ ಅದು ಗೊತ್ತಾತು. ವಾಹಿನಿಯವರು ತಪ್ಪಾತು ಅಂತ ಒಂದ ಮಾತೂ ಹೇಳಲಿಲ್ಲ. ಅವತ್ತ ನಮ್ಮವ್ವ ಕಂಪೌಂಡ್ ಕಡೆ ಹೋಗಿ ಮಾತಾಡಿಸಿದ್ರ ಕಾಕೂ, "ಹಾಲಿನಾಂವ ಬರವಲ್ಲ ನೋಡ್ರಿ ವೈನಿ, ನಾಕು ದಿವಸ ಕರೀ ಚಾನ ಕುಡದೇವಿ" ಅಂದ್ರಂತ. ಯಾಕ ಬರವಲ್ಲ ಅಂತ ಅವರು ಕೇಳಲಿಲ್ಲ. ನಮ್ಮವ್ವ ಹೇಳಲಿಲ್ಲ. ಮರುದಿನದಿಂದ ಹದಿನೈದು ದಿನ ನಮ್ಮಪ್ಪ ತಾನ ಹಾಲು ತಂದು ಅವರ ಕಟ್ಟಿ ಮ್ಯಾಲೆ ಇಟ್ಟು ಬರತಿದ್ದ. ಎದುರಿಗೆ ನಿಂತು ಮಾತಾಡೋ ಧೈರ್ಯ ಆಗಲಿಲ್ಲ.

ಸುದ್ದಿ ವಾಹಿನಿಗಳ ಮ್ಯಾಲೆ ದೂರು ಕೊಡಲಿಕ್ಕೆ ಅವಕಾಶ ಇಲ್ಲಂತಲ್ಲ. ವಾಹಿನಿಯವರ ಸಂಘದವರ 2008ರಾಗ ಒಂದ ಪ್ರಾಧಿಕಾರ ಮಾಡ್ಯಾರ, ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅದರ ಮೊದಲ ಅಧ್ಯಕ್ಷರು. ಮೊದಲ ವಾಹಿನಿಗೆ ಬರೀಬೇಕು, ಕೇಳಲಿಲ್ಲಂದ್ರ ಪ್ರಾಧಿಕಾರಕ್ಕ. 2023ರ ಹೊತ್ತಿಗೆ ಭಾಳಾದ್ರ 1 ಲಕ್ಷ ದಂಡ ಇತ್ತು. ಇಷ್ಟಕ್ಕ ಯಾರು ಅಂಜತಾರ ಅಂತ 2023ರಾಗ ಸುಪ್ರೀಂ ಕೋರ್ಟ ಕೇಳತು. ಆದ್ರೂ ಬರೀಬಹುದಿತ್ತು. ಕಾಕೂ ಅವರ ಸಲುವಾಗಿ ನಾನು ಬರೀಲಿಲ್ಲ. ಮನ್ಯಾಗ ಕೂತು ಬೈದೆ ಅಷ್ಟ. ಬೈಕೋತ ನೋಡಿದ್ರೂ ಅದು ನೋಡಿದಂಗ. ಪೆಟಿಗಿಗೆ ಬೈದದ್ದು ಕೇಳಂಗಿಲ್ಲ, ನೋಡಿದ್ದಷ್ಟ ಕಾಣತದ.

ಈಗ ರಿಮೋಟಿನ ವಿಷಯ. ಹೋದ ಐತವಾರ ಯಾವದೋ ಊರಿನ ಯಾರದೋ ಮನಿ, ಗೇಟಿನ ಮುಂದ ಮೈಕ್ ಹಿಡದ ಒಬ್ಬಾಂವ, ಅದ ಢಣ್ ಢಣ್. ನಮ್ಮಪ್ಪ ಚಷ್ಮಾ ಏರಿಸಿಕೊಂಡು ಮುಂದ ಬಗ್ಗಿದ್ನಂತ. ನಮ್ಮವ್ವ ಟಿ.ವಿ. ಆರಿಸಿ ರಿಮೋಟ್ ತಗೊಂಡು ಅಡಗಿಮನಿಗೆ ಹೋದ್ಲು. ಈಗಿನ ಟಿ.ವಿ.ಗೆ ಶಟರ್ ಇಲ್ಲ, ಅದಕ್ಕ ಅಕ್ಕಿ ಡಬ್ಬಿ.

ರಿಮೋಟ್ ಸಿಕ್ಕ ಮ್ಯಾಲೆ ನಾ ಅದನ್ನ ಒರಸಿ ಅಪ್ಪನ ಮುಂದ ಇಟ್ಟೆ. ಅವ ಮುಟ್ಟಲಿಲ್ಲ. ಪೇಪರ್ ಮಡಚಿ ಒಂದ ಮಾತು ಕೇಳಿದ:

"ಆ ಗೇಟು ಖರೇನ ಅವರದ ಇತ್ತೇನು?"